371ರ ಪಕ್ಕದಲ್ಲಿ ಆ 'ಜೆ' ಯಾಕಿದೆ?

ಕಳೆದ ಬೇಸಿಗೆಯಲ್ಲಿ ಕೊಪ್ಪಳದ ಒಂದು ಜೆರಾಕ್ಸ್ ಅಂಗಡಿ ಮುಂದೆ ಅಕ್ಕನ ಮಗಳ ಜೊತೆ ನಿಂತಿದ್ದೆ. ಅವಳಿಗೆ 371ಜೆ ಸರ್ಟಿಫಿಕೇಟ್ ಮಾಡಿಸಬೇಕಿತ್ತು. ಸಂವಿಧಾನದ 371ಜೆ ವಿಧಿಯ ಪ್ರಕಾರ ನಮ್ಮ ಕಲ್ಯಾಣ ಕರ್ನಾಟಕದವರಿಗೆ, ಅಂದರೆ ಹಿಂದಿನ ಹೈದರಾಬಾದ್-ಕರ್ನಾಟಕದವರಿಗೆ, ಓದು ಮತ್ತು ನೌಕರಿಯಲ್ಲಿ ಮೀಸಲಾತಿ ಸಿಗಲು ಬೇಕಾದ ಪತ್ರ ಅದು. ಪ್ಲಾಸ್ಟಿಕ್ ಕವರಿನಲ್ಲಿ ವ್ಯಾಸಂಗ ಪ್ರಮಾಣಪತ್ರ, ಆಧಾರ್, ರೇಷನ್ ಕಾರ್ಡ್, ಅಪ್ಪನ ಹಳೇ ಟಿಸಿ, ಎಲ್ಲದರದ್ದೂ ಎರಡೆರಡು ಪ್ರತಿ. ಹಿಂದಿನ ವಾರ ಒಂದು ಕಚೇರಿಯಿಂದ ಅರ್ಜಿ ವಾಪಸ್ ಬಂದಿತ್ತು, ಟಿಸಿಯಲ್ಲಿ ಅಪ್ಪನ ಹೆಸರಿಗೆ ಒಂದು ಇನಿಶಿಯಲ್ ಜಾಸ್ತಿ ಇದೆ ಅಂತ. ಅದಕ್ಕೊಂದು ಅಫಿಡವಿಟ್ ಮಾಡಿಸಿ ಮತ್ತೆ ಬಂದಿದ್ದೆವು. ಜೆರಾಕ್ಸ್ ಮಷೀನು ಬಿಸಿಯಾಗಿ ನಿಂತಿತ್ತು, ಅದು ತಣ್ಣಗಾಗುವ ತನಕ ಅವಳು ಅರ್ಜಿ ನಮೂನೆಯನ್ನೇ ನೋಡುತ್ತಾ ನಿಂತಳು. ಆಮೇಲೆ ಕೇಳಿದಳು:

"ಮಾಮಾ, 371 ಅಂದ್ರ ಒಂದು ನಂಬರ್, ಸರಿ. ಅದರ ಮುಂದ ಈ 'ಜೆ' ಯಾಕ? ಎ, ಬಿ, ಸಿ ಎಲ್ಲಿ ಹೋದವು?"

ನಮ್ಮ ಕಡೆ 371ಜೆ ಅನ್ನೋ ಮಾತು ಉಪ್ಪು, ಎಣ್ಣೆಯಷ್ಟೇ ಸಲೀಸು. ಪಿಯುಸಿ ಮುಗಿಸಿದ ಹುಡುಗರೆಲ್ಲ ಆ ಸರ್ಟಿಫಿಕೇಟ್ ಹಿಂದೆ ಓಡಾಡುತ್ತಾರೆ. ಆದರೆ ಅವಳು ಕೇಳಿದ ಪ್ರಶ್ನೆಯನ್ನು ನಾನು ಯಾವತ್ತೂ ಕೇಳಿಕೊಂಡಿರಲಿಲ್ಲ. ಆವತ್ತು ರಾತ್ರಿ ಸಂವಿಧಾನದ ಪುಸ್ತಕ ತೆಗೆದು ಕೂತೆ. ಒಂದು ಅಕ್ಷರ ಹುಡುಕಲು ಹೋದವನಿಗೆ ನಮ್ಮ ಜಿಲ್ಲೆಗಳ ಚರಿತ್ರೆಯೇ ಸಿಕ್ಕಿತು, ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪುಸ್ತಕದ ಕಟ್ಟಡ ನೋಡೋಣ. ಮುಂಬಾಗಿಲಲ್ಲಿ ಪೀಠಿಕೆ. ಒಳಗೆ ಭಾಗಗಳು, ಭಾಗಗಳ ಒಳಗೆ ವಿಧಿಗಳು, ಕೊನೆಯಲ್ಲಿ ಅನುಸೂಚಿಗಳು. 1950ರ ಜನವರಿ 26ರಂದು ಜಾರಿಗೆ ಬಂದಾಗ 22 ಭಾಗ, 395 ವಿಧಿ, 8 ಅನುಸೂಚಿ ಇದ್ದವು. ಇವತ್ತು 25 ಭಾಗ, 12 ಅನುಸೂಚಿ. ವಿಧಿಗಳೂ ಬಹಳ ಸೇರಿವೆ, ಆದರೆ ಕೊನೆಯ ವಿಧಿಯ ನಂಬರ್ ಈಗಲೂ 395. ಹೇಗೆ ಅಂದ್ರೆ, ನಡುವೆ ಹೊಸ ವಿಧಿ ಸೇರಿಸಬೇಕಾದಾಗ ಹಳೇ ನಂಬರುಗಳನ್ನು ಮುಟ್ಟುವುದಿಲ್ಲ, ಪಕ್ಕದಲ್ಲಿ ಒಂದು ಅಕ್ಷರ ಇಡುತ್ತಾರೆ.

ಇದು ರೈತರ ಮಕ್ಕಳಿಗೆ ಹೇಳಿಕೊಡಬೇಕಾದ ವಿಷಯವೇ ಅಲ್ಲ. ಪಹಣಿ ನೋಡಿದವರಿಗೆ ಗೊತ್ತು. ಸರ್ವೆ ನಂಬರ್ 112 ಅಣ್ಣತಮ್ಮಂದಿರಲ್ಲಿ ಭಾಗವಾದರೆ 112/1, 112/2 ಅಂತ ಹಿಸ್ಸಾ ಆಗುತ್ತದೆ, ಪಕ್ಕದ ಹೊಲದವರ 113 ಹಾಗೇ ಇರುತ್ತದೆ. ಎಲ್ಲರ ನಂಬರೂ ಬದಲಾದರೆ ಊರಿನ ಹಳೇ ಪತ್ರಗಳೆಲ್ಲ ಸುಳ್ಳಾಗುತ್ತವಲ್ವಾ? ಸಂವಿಧಾನಕ್ಕೂ ಅದೇ ಲೆಕ್ಕ. 2002ರ 86ನೇ ತಿದ್ದುಪಡಿ 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಾಗ ಅದು 21ಎ ಆಗಿ ಬಂತು, ಜೀವಿಸುವ ಹಕ್ಕಿನ 21ರ ಮಗ್ಗುಲಲ್ಲೇ ಕೂತಿತು. ಅಕ್ಷರವಿರುವ ವಿಧಿ ಕಂಡರೆ ಇಷ್ಟು ತಿಳಿಯಬೇಕು: ಇದು ಆಮೇಲೆ ಬಂದದ್ದು, ಯಾರೋ ಕೇಳಿದ್ದಕ್ಕೆ ಬಂದದ್ದು.

ಸೇರಿದ್ದು ಮಾತ್ರ ಅಲ್ಲ, ಕಿತ್ತುಹಾಕಿದ ಜಾಗವೂ ಕಾಣುತ್ತದೆ. ಮೂಲಭೂತ ಹಕ್ಕುಗಳಲ್ಲಿ 30ರ ಸಾಲು ಓದುತ್ತಾ ಬಂದರೆ 31ನೇ ವಿಧಿ ಇಲ್ಲ. ಅದು ಆಸ್ತಿಯ ಹಕ್ಕು. 1978ರ 44ನೇ ತಿದ್ದುಪಡಿ ಅದನ್ನು ಅಲ್ಲಿಂದ ತೆಗೆದು, ದೂರದಲ್ಲಿ 300ಎ ಎಂದು ಇಟ್ಟಿತು. ಅಂದರೆ ಆಸ್ತಿ ಹಕ್ಕು ಈಗ ಮೂಲಭೂತ ಹಕ್ಕಲ್ಲ, ಕಾನೂನಿನ ಹಕ್ಕು. ಕಾನೂನು ಪ್ರಕಾರ ಅಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ ಅನ್ನುವಷ್ಟು ಉಳಿದಿದೆ. ಬಳ್ಳಾರಿ ಪಕ್ಕದ ಕುಡಿತಿನಿ ಭಾಗದಲ್ಲಿ ಕಾರ್ಖಾನೆಗೆ ಜಮೀನು ಹೋದ ರೈತರು ಧರಣಿ ಕೂತಿದ್ದು ನಮಗೆಲ್ಲ ಗೊತ್ತು. ಅಂಥವರ ಕೈಯಲ್ಲಿ ಸಂವಿಧಾನದ ಕಡೆಯಿಂದ ಉಳಿದಿರುವ ಕೊನೆಯ ದಾರ ಈ 300ಎ.

ಇನ್ನೊಂದು ಖಾಲಿ ಜಾಗ ಇದೆ. ಅದನ್ನು ನೋಡಿದಾಗ ನನಗೆ ಮೈ ಜುಮ್ಮೆಂದಿತು. 6ನೇ ಭಾಗ ಆದಮೇಲೆ 8ನೇ ಭಾಗ. 7 ಇಲ್ಲ. ಆ 7ನೇ ಭಾಗದಲ್ಲಿ ಇದ್ದದ್ದು ನಾವು.

1950ರ ಸಂವಿಧಾನ ರಾಜ್ಯಗಳನ್ನು ಎ, ಬಿ, ಸಿ ಎಂದು ವಿಂಗಡಿಸಿತ್ತು. ಬ್ರಿಟಿಷರ ಪ್ರಾಂತ್ಯಗಳಾಗಿದ್ದ ಮದ್ರಾಸ್, ಬಾಂಬೆಯಂಥವು ಎ. ದೊಡ್ಡ ಸಂಸ್ಥಾನಗಳಾಗಿದ್ದ ಹೈದರಾಬಾದ್, ಮೈಸೂರಿನಂಥವು ಬಿ. ಬಿ ರಾಜ್ಯಗಳಿಗೆ ರಾಜ್ಯಪಾಲರ ಬದಲು ರಾಜಪ್ರಮುಖರು. ರಾಯಚೂರು, ಕೊಪ್ಪಳ ಆಗ ಹೈದರಾಬಾದ್ ರಾಜ್ಯದಲ್ಲಿದ್ದವು. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮರ ಆಳ್ವಿಕೆ ಮುಗಿದಿದ್ದರೂ ಹೊಸ ಸಂವಿಧಾನದಲ್ಲಿ ನಮ್ಮ ರಾಜಪ್ರಮುಖರು ಅದೇ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್. ಬಳ್ಳಾರಿ ಮಾತ್ರ ಮದ್ರಾಸಿನದ್ದು, ಎ ಪಟ್ಟಿ. ತುಂಗಭದ್ರೆಯ ಮುನಿರಾಬಾದ್ ದಡ ಬಿ, ಹೊಸಪೇಟೆ ದಡ ಎ. ಒಂದೇ ಡ್ಯಾಮಿನ ಎರಡು ತುದಿಗಳಲ್ಲಿ ಸಂವಿಧಾನದ ಎರಡು ಬೇರೆ ಬೇರೆ ಭಾಗಗಳು ಜಾರಿಯಲ್ಲಿದ್ದವು.

ಆ ಕಾಲದ ಮೂಲ 371ನೇ ವಿಧಿಯಲ್ಲಿ ಏನಿತ್ತು ಗೊತ್ತಾ? ಬಿ ಪಟ್ಟಿಯ ರಾಜ್ಯಗಳ ಸರ್ಕಾರಗಳು ಹತ್ತು ವರ್ಷ ರಾಷ್ಟ್ರಪತಿಯವರ ಸಾಮಾನ್ಯ ಹತೋಟಿಯಲ್ಲಿರಬೇಕು, ಅವರು ಕೊಟ್ಟ ನಿರ್ದೇಶನ ಪಾಲಿಸಬೇಕು ಅಂತ. ಅಂದರೆ ಕೊಪ್ಪಳ, ರಾಯಚೂರು ಇವತ್ತು 371ಕ್ಕೆ ಬಂದದ್ದಲ್ಲ, ಮೊದಲ ದಿನದಿಂದಲೇ ಆ ನಂಬರಿನಲ್ಲಿದ್ದವು. ಆಗ ಅದು ಹತೋಟಿಯ ಕಲಂ, ಈಗ ಅದೇ ನಂಬರು ಅವಕಾಶದ ಕಲಂ. ಸಂವಿಧಾನ ಸಭೆಯಲ್ಲಿ ಹೈದರಾಬಾದ್ ಸಂಸ್ಥಾನದ ಪರವಾಗಿ ಯಾರೂ ಕೂತಿರಲಿಲ್ಲ. ನಮ್ಮ ಮಾತನ್ನು ಮೊದಲೇ ಹೇಳುವವರಿಲ್ಲದಿದ್ದ ಮೇಲೆ ಆಮೇಲೆ ಕೇಳಿ ಪಡೆಯದೆ ಬೇರೆ ದಾರಿ ಎಲ್ಲಿತ್ತು?

1956ರಲ್ಲಿ ಭಾಷಾವಾರು ರಾಜ್ಯಗಳಾದವು. 7ನೇ ತಿದ್ದುಪಡಿ ಬಂದು ಎ, ಬಿ, ಸಿ ಭೇದವನ್ನೇ ಅಳಿಸಿತು, 7ನೇ ಭಾಗ ಹೋಯಿತು, 371ರ ಹಳೇ ಮಾತು ತೆಗೆದು ಹೊಸದು ಬರೆದರು. ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ಮರಾಠವಾಡ ಬಾಂಬೆ ಕಡೆಗೆ, ತೆಲಂಗಾಣ ಆಂಧ್ರಕ್ಕೆ, ನಾವು ಮೈಸೂರಿಗೆ. ಆಗಲೇ, 1956ರಲ್ಲೇ, ಹೊಸ 371ರಲ್ಲಿ ಮರಾಠವಾಡಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ ಅಂತ ಬರೆದರು. ತೆಲಂಗಾಣಕ್ಕೆ ಮೊದಲು ಪ್ರಾದೇಶಿಕ ಸಮಿತಿ, ಆಮೇಲೆ ದೊಡ್ಡ ಚಳವಳಿಯಾಗಿ 1973ರ 32ನೇ ತಿದ್ದುಪಡಿಯಲ್ಲಿ 371ಡಿ ಬಂತು, ಸ್ಥಳೀಯರಿಗೆ ನೌಕರಿ, ಓದಿನಲ್ಲಿ ಪಾಲು. ಮೂರನೇ ಪಾಲಿಗೆ, ಅಂದರೆ ನಮಗೆ, ಏನೂ ಇಲ್ಲ. ಒಂದೇ ಮನೆಯ ಮೂವರಲ್ಲಿ ಇಬ್ಬರ ಹೆಸರು ಪತ್ರದಲ್ಲಿ ಸೇರಿತು, ಮೂರನೆಯವರ ಹೆಸರು ಸೇರಲು 56 ವರ್ಷ ಬೇಕಾಯಿತು. ಇದನ್ನು ನಾನು ಸುಮ್ನೆ ಹೊಟ್ಟೆಯುರಿಗೆ ಹೇಳುತ್ತಿಲ್ಲ. 371ಜೆ ಬಗ್ಗೆ "ಇವರಿಗ್ಯಾಕೆ ವಿಶೇಷ" ಅಂತ ಯಾರಾದರೂ ಕೇಳಿದಾಗ ಹೇಳಬೇಕಾದ ಮೊದಲ ಮಾತು ಇದು.

ಅಷ್ಟರಲ್ಲಿ ಅಕ್ಷರಗಳು ಒಂದೊಂದಾಗಿ ಖರ್ಚಾಗಿದ್ದವು. ಎ ನಾಗಾಲ್ಯಾಂಡಿಗೆ 1962ರಲ್ಲಿ, ಬಿ ಅಸ್ಸಾಮಿಗೆ, ಸಿ ಮಣಿಪುರಕ್ಕೆ, ಡಿ ಮತ್ತು ಇ ಆಂಧ್ರಕ್ಕೆ, ಎಫ್ ಸಿಕ್ಕಿಂಗೆ 1975ರಲ್ಲಿ ಅದು ಭಾರತಕ್ಕೆ ಸೇರಿದಾಗ, ಜಿ ಮಿಜೋರಾಂಗೆ, ಎಚ್ ಅರುಣಾಚಲಕ್ಕೆ, ಐ ಗೋವಾಕ್ಕೆ. ಮುಂದಿನದು ಜೆ. ಅಕ್ಕನ ಮಗಳ ಪ್ರಶ್ನೆಗೆ ಉತ್ತರ ಇಷ್ಟೇ: ಸರದಿಯಲ್ಲಿ ನಿಂತವರಲ್ಲಿ ನಾವು ಕೊನೆಯವರು.

ಬಳ್ಳಾರಿ ಮೈಸೂರಿಗೆ ಹೇಗೆ ಸೇರಿತು ಅನ್ನೋದು ಬೇರೆಯೇ ಕಥೆ. ಮದ್ರಾಸಿನ ಜಿಲ್ಲೆ ಅದು, ನಿಜಾಮರಿಗೂ ಅದಕ್ಕೂ ಆಗ ಸಂಬಂಧವಿಲ್ಲ. 1953ರಲ್ಲಿ ಆಂಧ್ರ ರಾಜ್ಯ ಆಗುವಾಗ ಆದೋನಿ, ಆಲೂರು, ರಾಯದುರ್ಗ ಆ ಕಡೆ ಹೋದವು. ಬಳ್ಳಾರಿ ತಾಲ್ಲೂಕು ಯಾರಿಗೆ ಅಂತ ದೊಡ್ಡ ಜಗಳ, ಅದಕ್ಕೆಂದೇ ಮಿಶ್ರಾ ಆಯೋಗ ಕೂತಿತು, ಕೊನೆಗೆ 1953ರ ಅಕ್ಟೋಬರ್ 1ರಂದು ಮೈಸೂರಿಗೆ ಬಂತು. ಆ ಹೋರಾಟದಲ್ಲಿ ಪೈಲ್ವಾನ್ ರಂಜಾನ್ ಸಾಬ್ ಪ್ರಾಣ ಕೊಟ್ಟರು. ಬಳ್ಳಾರಿಯವರು ಇವತ್ತಿಗೂ ಆ ಹೆಸರು ಎತ್ತಿದರೆ ದನಿ ಇಳಿಸಿ ಮಾತಾಡುತ್ತಾರೆ.

ಇಲ್ಲಿಂದಲೇ ತಿದ್ದುಪಡಿ ಹೇಗೆ ಆಗುತ್ತದೆ ಅನ್ನುವ ವಿಷಯಕ್ಕೆ ಬರಬಹುದು. ಯಾಕೆಂದರೆ ಇಷ್ಟು ರಕ್ತ, ಇಷ್ಟು ಜಗಳ ಆದ ಬಳ್ಳಾರಿಯ ಬದಲಾವಣೆಗೆ ಸಂವಿಧಾನ ತಿದ್ದುಪಡಿ ಬೇಕಾಗಲೇ ಇಲ್ಲ! ರಾಜ್ಯದ ಗಡಿ, ಹೆಸರು ಬದಲಿಸುವ ಅಧಿಕಾರ 3ನೇ ವಿಧಿಯಲ್ಲಿ ಸಂಸತ್ತಿಗೆ ಇದೆ. ಸಾಮಾನ್ಯ ಬಹುಮತದ ಒಂದು ಕಾಯ್ದೆ ಸಾಕು. ಸಂಬಂಧಪಟ್ಟ ರಾಜ್ಯದ ಅಭಿಪ್ರಾಯ ಕೇಳಬೇಕು, ಆದರೆ ಆ ರಾಜ್ಯ ಬೇಡ ಅಂದರೂ ಮಾಡಬಹುದು. ರಾಜ್ಯಗಳ ಪಟ್ಟಿ ಇರುವ ಮೊದಲನೇ ಅನುಸೂಚಿ ಬದಲಾದರೂ ಅದನ್ನು ತಿದ್ದುಪಡಿ ಎಂದು ಎಣಿಸಬಾರದು ಅಂತ 4ನೇ ವಿಧಿ ಬಾಯಿಬಿಟ್ಟು ಹೇಳುತ್ತದೆ. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕ ಆದದ್ದೂ ಹೀಗೇ.

ಜಿಲ್ಲೆಯಾದರೆ ಇನ್ನೂ ಸುಲಭ. 1997ರಲ್ಲಿ ರಾಯಚೂರಿನಿಂದ ಕೊಪ್ಪಳ ಬೇರೆಯಾದದ್ದು, 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆಯಾದದ್ದು, ಎರಡೂ ರಾಜ್ಯ ಸರ್ಕಾರದ ಆದೇಶದಲ್ಲೇ ಮುಗಿದವು, ದೆಹಲಿಗೆ ಹೋಗಲಿಲ್ಲ. ಆದರೆ ಈ ಸಣ್ಣ ಆದೇಶಗಳು ಸಂವಿಧಾನದ ಫಲ ಯಾರಿಗೆ ಸಿಗಬೇಕು ಅನ್ನುವುದನ್ನೇ ತಿರುಗಿಸಿಬಿಡಬಲ್ಲವು. ಹರಪನಹಳ್ಳಿಯನ್ನೇ ನೋಡಿ. ಮೊದಲಿಂದ ಬಳ್ಳಾರಿ ಜಿಲ್ಲೆಯ ತಾಲ್ಲೂಕು, 1997ರಲ್ಲಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿಸಿದರು. 371ಜೆ ಬಂದಾಗ ಅದು ಹೊರಗೆ ಉಳಿಯಿತು. ಅಲ್ಲಿನ ಜನ ಹೋರಾಡಿ 2018ರಲ್ಲಿ ಬಳ್ಳಾರಿಗೇ ವಾಪಸ್ ಬಂದರು, ಈಗ ವಿಜಯನಗರದಲ್ಲಿದ್ದಾರೆ. ಒಂದು ಗೆರೆ ಆಚೆ ಈಚೆ ಆದರೆ ಒಬ್ಬ ಹುಡುಗಿಗೆ ಮೆಡಿಕಲ್ ಸೀಟು ಸಿಗುವುದೂ ತಪ್ಪುವುದೂ ನಿರ್ಧಾರ ಆಗುತ್ತದೆ.

ನಿಜವಾದ ತಿದ್ದುಪಡಿ ಅಂದರೆ 368ನೇ ವಿಧಿಯ ದಾರಿ. ಅದಕ್ಕೆ ಪ್ರತಿ ಸದನದಲ್ಲೂ ಎರಡು ಲೆಕ್ಕ ದಾಟಬೇಕು. ಸದನದ ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಒಪ್ಪಬೇಕು, ಜೊತೆಗೆ ಆವತ್ತು ಹಾಜರಿದ್ದು ಮತ ಹಾಕಿದವರಲ್ಲಿ ಮೂರರಲ್ಲಿ ಎರಡು ಪಾಲು ಒಪ್ಪಬೇಕು. ಲೋಕಸಭೆಯ 543 ಜನರೂ ಬಂದು ಮತ ಹಾಕಿದರೆ 362 ಬೇಕು. ಎಷ್ಟೇ ಕಡಿಮೆ ಜನ ಬಂದರೂ 272ಕ್ಕಿಂತ ಕೆಳಗೆ ನಡೆಯುವುದಿಲ್ಲ. ರಾಜ್ಯಸಭೆಯೂ ಬೇರೆಯಾಗಿ ಇದೇ ರೀತಿ ಒಪ್ಪಬೇಕು. ಸಾಮಾನ್ಯ ಮಸೂದೆಯಾದರೆ ಎರಡು ಸದನಕ್ಕೆ ಜಗಳ ಬಂದಾಗ ಜಂಟಿ ಅಧಿವೇಶನ ಕರೆದು ಬಗೆಹರಿಸಬಹುದು, ಸಂವಿಧಾನ ತಿದ್ದುಪಡಿಗೆ ಆ ದಾರಿಯೂ ಇಲ್ಲ. ರಾಷ್ಟ್ರಪತಿಯವರು ಮಾತ್ರ ಅಂಕಿತ ಹಾಕಲೇಬೇಕು, ವಾಪಸ್ ಕಳಿಸುವಂತಿಲ್ಲ, 1971ರ 24ನೇ ತಿದ್ದುಪಡಿಯಿಂದ ಹೀಗೆ.

ಈ ಲೆಕ್ಕ ಸುಮ್ನೆ ಪಾಠದ ಲೆಕ್ಕವಲ್ಲ. 2024ರ ಡಿಸೆಂಬರ್ 17ರಂದು ಒಂದು ದೇಶ, ಒಂದು ಚುನಾವಣೆಯ 129ನೇ ತಿದ್ದುಪಡಿ ಮಸೂದೆಯನ್ನು ಲೋಕಸಭೆಯಲ್ಲಿ ಮಂಡಿಸುವಾಗಲೇ ಮತಕ್ಕೆ ಹಾಕಿದರು. ಪರ 269, ವಿರೋಧ 198. ಮಂಡಿಸಲು ಸಾಮಾನ್ಯ ಬಹುಮತ ಸಾಕಾದ್ದರಿಂದ ಅದು ಒಳಗೆ ಬಂತು, ಜಂಟಿ ಸಂಸದೀಯ ಸಮಿತಿಗೆ ಹೋಯಿತು. ಆದರೆ ಆ ದಿನ ಮತ ಹಾಕಿದ 467 ಜನರಲ್ಲಿ ಮೂರರಲ್ಲಿ ಎರಡು ಪಾಲು ಅಂದರೆ 312. 269ಕ್ಕೂ 312ಕ್ಕೂ ನಡುವಿನ ಆ ಜಾಗ ನೋಡಿ, ಸಂವಿಧಾನ ಬರೆದವರು ಬೇಕೆಂದೇ ಬಿಟ್ಟ ಜಾಗ ಅದು. ಗೆದ್ದವರು ಸೋತವರ ಬೆಂಚಿಗೆ ಹೋಗಿ ಮಾತಾಡಲೇಬೇಕು ಅಂತ.

129 ಅಂದ ತಕ್ಷಣ 129 ತಿದ್ದುಪಡಿ ಆಗಿವೆ ಅಂದುಕೊಳ್ಳಬೇಡಿ. ಅದು ಮಸೂದೆಯ ನಂಬರು. ಪಾಸಾದ ಮೇಲೆ ಬೇರೆ ನಂಬರು ಸಿಗುತ್ತದೆ. 2023ರ ಮಹಿಳಾ ಮೀಸಲಾತಿ 106ನೇ ತಿದ್ದುಪಡಿ. ನಮ್ಮ 371ಜೆ ಮಸೂದೆಯಾಗಿದ್ದಾಗ 118, ಪಾಸಾದಾಗ 98.

ಕೆಲವು ವಿಷಯಗಳಿಗೆ ಇಷ್ಟೂ ಸಾಲದು. ರಾಷ್ಟ್ರಪತಿ ಚುನಾವಣೆ, ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟು, ಕೇಂದ್ರ ಮತ್ತು ರಾಜ್ಯಗಳ ನಡುವೆ ಅಧಿಕಾರದ ಹಂಚಿಕೆ, ಸಂಸತ್ತಿನಲ್ಲಿ ರಾಜ್ಯಗಳ ಪಾಲು, ಇನ್ನು 368ನೇ ವಿಧಿಯೇ. ಇವುಗಳನ್ನು ಮುಟ್ಟಿದರೆ ಕನಿಷ್ಠ ಅರ್ಧದಷ್ಟು ರಾಜ್ಯಗಳ ಶಾಸನಸಭೆಗಳೂ ಒಪ್ಪಬೇಕು. 2016ರಲ್ಲಿ ಜಿಎಸ್‌ಟಿ ತಂದ 101ನೇ ತಿದ್ದುಪಡಿ ಹೀಗೆ ರಾಜ್ಯಗಳನ್ನು ಸುತ್ತಿ ಬಂತು. 371ಜೆ ಆ ಪಟ್ಟಿಯಲ್ಲಿ ಬರುವುದಿಲ್ಲ, ಹಾಗಾಗಿ ಬೇರೆ ರಾಜ್ಯಗಳ ಬಾಗಿಲು ತಟ್ಟಬೇಕಾಗಲಿಲ್ಲ.

ಈಗ ಎಲ್ಲರ ಬಾಯಲ್ಲೂ ಇರುವ ಪ್ರಶ್ನೆ: ಇಷ್ಟು ಬಹುಮತ ಇದ್ದರೆ ಏನು ಬೇಕಾದರೂ ಬದಲಿಸಬಹುದಾ? ಚುನಾವಣೆ ಬಂದಾಗಲೆಲ್ಲ "ಸಂವಿಧಾನ ಬದಲಾಯಿಸ್ತಾರೆ" ಅಂತ ಒಬ್ಬರು, "ಅವರೇ ಜಾಸ್ತಿ ಬದಲಾಯಿಸಿದ್ದು" ಅಂತ ಇನ್ನೊಬ್ಬರು. ತಿದ್ದುವುದು ಬೇರೆ, ಬದಲಾಯಿಸುವುದು ಬೇರೆ, ಎರಡನ್ನೂ ಒಂದೇ ಬಾಯಲ್ಲಿ ಹೇಳುವುದರಿಂದಲೇ ಗೊಂದಲ. ಆ ಗೆರೆ ಎಳೆದದ್ದು ಸುಪ್ರೀಂ ಕೋರ್ಟು. ಅದನ್ನು ಎಳೆದ ಮೊಕದ್ದಮೆಗಳಲ್ಲಿ ಕನ್ನಡದ ನೆಲದ ಹೆಸರು ಎಷ್ಟು ಸಲ ಬರುತ್ತದೆ ಅಂತ ನೋಡಿದರೆ ಹೆಮ್ಮೆ ಅನಿಸುತ್ತದೆ.

ಮೊದಲನೆಯದು ಕಾಸರಗೋಡಿನ ಎಡನೀರು ಮಠದ ಸ್ವಾಮಿ ಕೇಶವಾನಂದ ಭಾರತಿಯವರದು. ಕಾಸರಗೋಡು 1956ರಲ್ಲಿ ನಮ್ಮ ಕೈತಪ್ಪಿ ಕೇರಳಕ್ಕೆ ಹೋದ ಜಾಗ. ಕೇರಳದ ಭೂಸುಧಾರಣೆ ಕಾಯ್ದೆಯಲ್ಲಿ ಮಠದ ಜಮೀನು ಹೋಗುತ್ತದೆ ಅಂತ ಸ್ವಾಮಿಗಳು ಕೋರ್ಟಿಗೆ ಹೋದರು. 13 ನ್ಯಾಯಮೂರ್ತಿಗಳು 68 ದಿನ ವಾದ ಕೇಳಿದರು. 1973ರ ಏಪ್ರಿಲ್ 24ರಂದು 7ಕ್ಕೆ 6ರ ಅಂತರದಲ್ಲಿ ತೀರ್ಪು ಬಂತು: ಸಂಸತ್ತು ಸಂವಿಧಾನದ ಯಾವ ವಿಧಿಯನ್ನು ಬೇಕಾದರೂ ತಿದ್ದಬಹುದು, ಮೂಲಭೂತ ಹಕ್ಕುಗಳನ್ನೂ ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ಒಬ್ಬರು ಆ ಕಡೆ ವಾಲಿದ್ದರೆ ಇವತ್ತಿನ ದೇಶವೇ ಬೇರೆ ಇರುತ್ತಿತ್ತೇನೋ. ಸ್ವಾಮಿಗಳು ಬಂದದ್ದು ಜಮೀನಿಗಾಗಿ. ಅವರ ಹೆಸರು ಉಳಿದದ್ದು ಈ ಗೆರೆಯಿಂದ.

ಮೂರು ವರ್ಷದಲ್ಲಿ, ತುರ್ತುಪರಿಸ್ಥಿತಿಯ ನಡುವೆ, 42ನೇ ತಿದ್ದುಪಡಿ ಬಂತು. ಪೀಠಿಕೆಗೆ ಸಮಾಜವಾದಿ, ಜಾತ್ಯತೀತ ಎಂಬ ಮಾತು ಸೇರಿದ್ದು ಆಗಲೇ. ಅದರ ಜೊತೆಗೆ, ತಿದ್ದುಪಡಿಗಳನ್ನು ಯಾವ ಕೋರ್ಟೂ ಪ್ರಶ್ನಿಸುವಂತಿಲ್ಲ, ತಿದ್ದುವ ಅಧಿಕಾರಕ್ಕೆ ಮಿತಿಯೇ ಇಲ್ಲ ಅಂತ 368ರಲ್ಲೇ ಬರೆದುಬಿಟ್ಟರು. ಅದನ್ನು 1980ರಲ್ಲಿ ಹೊಡೆದುಹಾಕಿದ್ದು ಬೆಂಗಳೂರಿನ ಒಂದು ಬಟ್ಟೆ ಗಿರಣಿಯ ಮೊಕದ್ದಮೆ, ಮಿನರ್ವ ಮಿಲ್ಸ್. ಮಿತಿ ಇರುವ ಅಧಿಕಾರವನ್ನು ಬಳಸಿ ಆ ಮಿತಿಯನ್ನೇ ಅಳಿಸಲಾಗದು ಅಂತ ಕೋರ್ಟು ಹೇಳಿತು. ಮೂರನೆಯದು ಎಸ್.ಆರ್. ಬೊಮ್ಮಾಯಿಯವರದು. 1989ರಲ್ಲಿ ಅವರ ಸರ್ಕಾರಕ್ಕೆ ಸದನದಲ್ಲಿ ಬಹುಮತ ತೋರಿಸಲು ಅವಕಾಶ ಕೊಡದೆ ರಾಷ್ಟ್ರಪತಿ ಆಡಳಿತ ಹೇರಿದ್ದರು. 1994ರಲ್ಲಿ 9 ನ್ಯಾಯಮೂರ್ತಿಗಳ ಪೀಠ, ಬಹುಮತ ಇದೆಯೋ ಇಲ್ಲವೋ ಅನ್ನುವುದು ಸದನದಲ್ಲೇ ತೀರ್ಮಾನವಾಗಬೇಕು, ಜಾತ್ಯತೀತತೆ ಮೂಲ ಸ್ವರೂಪದ ಭಾಗ ಎಂದಿತು. ಇತ್ತೀಚೆಗೆ, 2015ರಲ್ಲಿ, ನ್ಯಾಯಮೂರ್ತಿಗಳ ನೇಮಕ ಆಯೋಗದ 99ನೇ ತಿದ್ದುಪಡಿಯನ್ನು ಕೋರ್ಟು ಇಡಿಯಾಗಿ ರದ್ದು ಮಾಡಿತು. ನಮ್ಮ 98ರ ನಂತರದ್ದೇ ಅದು.

ಇನ್ನು 371ಜೆಗೆ ವಾಪಸ್ ಬರೋಣ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳನ್ನು ಅಳೆದು ನೋಡಿ 114 ಹಿಂದುಳಿದಿವೆ ಅಂದಿತು, ಅದರಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ ಅರ್ಧಕ್ಕಿಂತ ಜಾಸ್ತಿ ಆಗಿನ ಗುಲಬರ್ಗಾ ವಿಭಾಗದಲ್ಲೇ. ಬೀದಿಯಲ್ಲಿ ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಕೂಗಿದರು, ದೆಹಲಿಯಲ್ಲಿ ಮಲ್ಲಿಕಾರ್ಜುನ ಖರ್ಗೆ, ಧರ್ಮಸಿಂಗ್ ಬೆನ್ನುಹತ್ತಿದರು. ಮೊದಲು ಕೇಂದ್ರ ಒಪ್ಪಲಿಲ್ಲ. 2012ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿತು.

ಆ ವಿಧಿಯನ್ನು ಪೂರ್ತಿ ಓದಿದವರು ನಮ್ಮಲ್ಲಿ ಎಷ್ಟು ಜನ? ಒಂದು ಪುಟವೂ ಇಲ್ಲ. ರಾಷ್ಟ್ರಪತಿಯವರು ಆದೇಶ ಹೊರಡಿಸಿ ರಾಜ್ಯಪಾಲರಿಗೆ ವಿಶೇಷ ಜವಾಬ್ದಾರಿ ಕೊಡಬಹುದು ಅನ್ನುತ್ತದೆ. ಮೂರು ಕೆಲಸಕ್ಕೆ: ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಹಣದ ನ್ಯಾಯವಾದ ಹಂಚಿಕೆ, ಓದು ಮತ್ತು ನೌಕರಿಯಲ್ಲಿ ನ್ಯಾಯವಾದ ಅವಕಾಶ. ಕೊನೆಯ ಎರಡರ ಜೊತೆ "ಇಡೀ ರಾಜ್ಯದ ಅಗತ್ಯಗಳಿಗೆ ಒಳಪಟ್ಟು" ಎಂಬ ಮಾತೂ ಇದೆ. ಅಂದರೆ ಬೇರೆ ಭಾಗದವರ ಪಾಲು ಕಿತ್ತುಕೊಡುವ ವಿಧಿ ಇದಲ್ಲ. ಬೆಂಗಳೂರು, ಮೈಸೂರು ಕಡೆಯ ಹುಡುಗರು ತಮಗೆ ಅನ್ಯಾಯ ಆಗುತ್ತಿದೆ ಅಂದಾಗ ಅದನ್ನೂ ಕೇಳಿಸಿಕೊಳ್ಳಬೇಕು. ಆದರೆ ಉತ್ತರವನ್ನು ಈ ಸಾಲಿನಿಂದಲೇ ಕೊಡಬೇಕು.

ಗಮನಿಸಿ, ಇದರಲ್ಲಿ ನೂರಕ್ಕೆ ಇಷ್ಟು ಅಂತ ಎಲ್ಲೂ ಇಲ್ಲ. ಜಿಲ್ಲೆಗಳ ಹೆಸರೂ ಇಲ್ಲ. ಅದೆಲ್ಲ ಆಮೇಲೆ ಬಂದ ಆದೇಶಗಳಲ್ಲಿ. ನಮ್ಮ ಭಾಗದ ಎ ಮತ್ತು ಬಿ ಗುಂಪಿನ ಹುದ್ದೆಗಳಲ್ಲಿ ನೂರಕ್ಕೆ 75, ಸಿ ಗುಂಪಿನಲ್ಲಿ 80, ಡಿ ಗುಂಪಿನಲ್ಲಿ 85, ಕಾಲೇಜು ಸೀಟುಗಳಲ್ಲಿ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ 8. ಒಳ್ಳೆ ಅಂಕ ತೆಗೆದ ನಮ್ಮ ಹುಡುಗನನ್ನು ಮೊದಲು ಸಾಮಾನ್ಯ ಪಟ್ಟಿಯಲ್ಲಿ ಎಣಿಸಬೇಕಾ, ಇಲ್ಲಾ ಸ್ಥಳೀಯ ಪಟ್ಟಿಯಲ್ಲಾ? ಇದು ಸಣ್ಣ ಪ್ರಶ್ನೆಯಲ್ಲ, ಎಷ್ಟೋ ನೇಮಕಾತಿಗಳು ಇದೇ ಜಗಳದಲ್ಲಿ ನಿಂತಿವೆ. ಅದನ್ನು ತೀರ್ಮಾನಿಸಿದ್ದು ಸಂಸತ್ತಲ್ಲ, ಸುತ್ತೋಲೆಗಳು. ಸುತ್ತೋಲೆ ಬದಲಾದರೆ ಫಲವೂ ಬದಲಾಗುತ್ತದೆ.

ನನ್ನ ಸಂಕಟ ಇಲ್ಲೇ ಇರುವುದು. ಮೂರರಲ್ಲಿ ಎರಡು ಪಾಲು ಸಂಸದರು ಎದ್ದು ನಿಂತು ಕೊಟ್ಟದ್ದನ್ನು, ಒಂದು ಹುದ್ದೆ ತುಂಬದೇ ಇಟ್ಟು, ಒಂದು ಕಡತ ಮುಂದೆ ತಳ್ಳದೇ ಇಟ್ಟು, ಯಾರಿಗೂ ಗೊತ್ತಾಗದ ಹಾಗೆ ವಾಪಸ್ ತಗೊಳ್ಳಬಹುದು. ಅದಕ್ಕೆ ಯಾವ ಬಹುಮತವೂ ಬೇಡ. ಹುದ್ದೆ ಭರ್ತಿ ಮಾಡದೇ ಇದ್ದರೆ ನೂರಕ್ಕೆ 80 ಅನ್ನೋದು ಸೊನ್ನೆಯಲ್ಲಿ 80. ಮೇಷ್ಟ್ರಿಲ್ಲದ ಶಾಲೆಯ ಮಗುವಿಗೆ 70 ಸೀಟಿನ ಮೀಸಲಾತಿ ಕಾಣುವಷ್ಟು ಹತ್ತಿರ ಬರುವುದೇ ಇಲ್ಲ. ಕಲ್ಯಾಣ ಕರ್ನಾಟಕ ಮಂಡಳಿಗೆ ಬಜೆಟ್ಟಿನಲ್ಲಿ 5000 ಕೋಟಿ ಅಂತ ಘೋಷಣೆ ಆದಾಗ ನಾವೆಲ್ಲ ಚಪ್ಪಾಳೆ ತಟ್ಟಿದೆವು. ಎಷ್ಟು ಬಿಡುಗಡೆ ಆಯಿತು, ಎಷ್ಟು ಖರ್ಚಾಯಿತು, ಯಾವ ತಾಲ್ಲೂಕಿಗೆ ಏನು ಬಂತು ಅಂತ ಕೇಳುವಾಗ ಗುಂಪು ಕರಗಿರುತ್ತದೆ.

ಹೆಸರಿನ ವಿಷಯವೂ ಒಂದಿದೆ. 2019ರ ಸೆಪ್ಟೆಂಬರ್ 17ರಂದು ರಾಜ್ಯ ಸರ್ಕಾರ ಈ ಭಾಗಕ್ಕೆ ಕಲ್ಯಾಣ ಕರ್ನಾಟಕ ಅಂತ ಹೆಸರಿಟ್ಟಿತು. ಬೋರ್ಡು, ಲೆಟರ್‌ಹೆಡ್ಡು, ಬಸ್ಸು ಎಲ್ಲ ಬದಲಾದವು. ಆದರೆ 371ಜೆ ವಿಧಿಯ ಒಳಗೆ ಬರೆದಿರುವುದು ಹೈದರಾಬಾದ್-ಕರ್ನಾಟಕ ಅಂತಲೇ. ಸಂವಿಧಾನದಲ್ಲಿ ಒಂದು ಪದ ಬದಲಾಗಬೇಕೆಂದರೂ ಮತ್ತೆ ಅದೇ ದಾರಿ, ಎರಡೂ ಸದನ, ಅದೇ ಲೆಕ್ಕ. ಬೋರ್ಡ್ ಬರೆಯುವಷ್ಟು ಸುಲಭವಲ್ಲ.

ಇಡೀ ವಿಧಿಯಲ್ಲಿ "ಮಾಡಬಹುದು" ಅನ್ನೋ ಧಾಟಿಯೇ ಜಾಸ್ತಿ. ಒಂದೇ ಒಂದು ಕಡೆ ಮಾತು ಗಟ್ಟಿಯಾಗಿದೆ: ಮಂಡಳಿ ಹೇಗೆ ಕೆಲಸ ಮಾಡುತ್ತಿದೆ ಅನ್ನುವ ವರದಿಯನ್ನು ಪ್ರತಿ ವರ್ಷ ರಾಜ್ಯ ವಿಧಾನಸಭೆಯ ಮುಂದೆ ಇಡಬೇಕು ಅಂತ. ಶಾಲೆ, ಕಾಲೇಜು, ಸಭೆಗಳಲ್ಲಿ ನಾವು ಪೀಠಿಕೆ ಓದುತ್ತೇವೆ, ಒಳ್ಳೆಯದೇ. ಆದರೆ ರಾಯಚೂರು, ಕೊಪ್ಪಳ, ಬಳ್ಳಾರಿಯ ಗ್ರಾಮಸಭೆಗಳಲ್ಲಿ ಪೀಠಿಕೆ ಆದಮೇಲೆ ಈ ಒಂದು ಸಾಲನ್ನೂ ಓದಬೇಕು ಅಂತ ನನಗೆ ಅನಿಸುತ್ತದೆ. ನಮ್ಮ ಶಾಸಕರನ್ನು ಕೇಳಲು ಇದಕ್ಕಿಂತ ನೇರವಾದ ಪ್ರಶ್ನೆ ಇನ್ನೊಂದಿಲ್ಲ: ಈ ವರ್ಷದ ವರದಿ ಬಂತಾ, ನೀವು ಓದಿದಿರಾ, ಏನು ಕೇಳಿದಿರಿ?

ಅಕ್ಕನ ಮಗಳಿಗೆ ಸರ್ಟಿಫಿಕೇಟ್ ಸಿಕ್ಕಿತು. ಅವಳಿಗೆ 371ಜೆ ವಿಧಿಯ ಪ್ರತಿಯನ್ನೂ ಜೆರಾಕ್ಸ್ ಮಾಡಿಸಿ ಕೊಟ್ಟಿದ್ದೆ. ಹೋದ ತಿಂಗಳು ಊರಿಗೆ ಹೋದಾಗ ಅದನ್ನು ತಂದು ತೋರಿಸಿದಳು, "ಪ್ರತಿ ವರ್ಷ" ಅನ್ನೋ ಪದದ ಕೆಳಗೆ ಎರಡು ಸಲ ಗೆರೆ ಎಳೆದಿದ್ದಳು. "ಮಾಮಾ, ಈ ವರದಿ ಎಲ್ಲಿ ಸಿಗತದ?" ಅಂದಳು. ಇಬ್ಬರೂ ಕೂತು ಮಾಹಿತಿ ಹಕ್ಕಿನ ಅರ್ಜಿ ಬರೆದೆವು. ಕರ್ನಾಟಕದ ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ದಾಟಬಾರದು, 10 ರೂಪಾಯಿ ಶುಲ್ಕ. ಅವಳದು ಐದು ಸಾಲಿನಲ್ಲಿ ಮುಗಿಯಿತು. ಪೋಸ್ಟಲ್ ಆರ್ಡರ್ ತರಲು ಅವಳೇ ಸೈಕಲ್ ಹತ್ತಿ ಹೋದಳು.